ಕಂಡಕ್ಟರರ ದನಿ

“ಮುಟ್ಟಬೇಡ! ಆ ಮಷೀನಿಗೆ ಇನ್ನೊಂದು ಸಲ ಕೈ ಹಾಕಿದ್ರೆ ನೋಡು!”

“ಯಾರಿಗೆ ಹೇಳ್ತಿದ್ದೀಯ? ಇದು ನನ್ನ ಅಂಗಡಿ ಕಣೇ!”

“ಅಂಗಡಿ ನಿಂದೇ ಇರ್ಲಿ, ಇಟ್ಕೊ. ಮಷೀನು ಆಸ್ಪತ್ರೇದು. ಅದರೊಳಗಿನ ದನಿ ಆ ಪೇಷಂಟುಗಳದ್ದು.”

ತಂಗಿಯ ಕೈಯಲ್ಲಿ ಗೋಡೆಯಿಂದ ಕಿತ್ತ ವೈರು ನೇತಾಡುತ್ತಿತ್ತು. ಬೆಳಗ್ಗೆ ಅಂಗಡಿಗೆ ಬಂದವಳು ಪರದೆಯ ಮೇಲೆ ಅಳಿಸಿಹೋಗುತ್ತಿದ್ದ ಕಡತಗಳ ಹೆಸರು ಒಂದರ ಹಿಂದೊಂದು ಓಡುವುದನ್ನು ನೋಡಿ, ಚಪ್ಪಲಿ ಕೂಡ ಬಿಡದೆ ಮೇಜಿನಡಿ ನುಗ್ಗಿ ಪ್ಲಗ್ಗು ಎಳೆದುಬಿಟ್ಟಿದ್ದಳು. ಅಣ್ಣ ಕುರ್ಚಿಯ ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದ. ಸಿಟ್ಟು ಅವಳ ಮೇಲೋ ತನ್ನ ಮೇಲೋ ಅವನಿಗೇ ಗೊತ್ತಿರಲಿಲ್ಲ.

“ಏನ್ಮಾಡ್ದೆ ಹೇಳು,” ಅಂದಳು.

“ಏನಿಲ್ಲ. ಆ ಮಾತಾಡಿಸೋ ಪ್ಯಾಕೇಜು ಕಟ್ತಾ ಇದ್ದೆ.”

“ರೂಟ್ ಆಗಿ?”

ಅವನು ಮೇಜಿನ ಮೇಲೆ ಚೆಲ್ಲಿದ್ದ ಸ್ಕ್ರೂಗಳನ್ನು ಡಬ್ಬಿಗೆ ತುಂಬತೊಡಗಿದ.

“ಅಣ್ಣಾ, ರೂಟ್ ಆಗಿ ಕಟ್ಟಿದ್ಯಾ? ಇದೇ ಮಷೀನಲ್ಲಿ? ಬಿಲ್ಡ್ ಫೈಲು ತೆಗೆದು ಓದಿದ್ಯಾ?”

“ಓದ್ತಾ ಕೂತಿದ್ರೆ ಮುಂದಿನ ವರ್ಷ ಆಗ್ತಿತ್ತು. ನಿನ್ನ ಹಾಗೆ ಇನ್ಸ್‌ಪೆಕ್ಟರಮ್ಮ ಆಗಿದ್ರೆ ಅಂಗಡಿಗೆ ಯಾವಾಗ್ಲೋ ಬೀಗ ಬೀಳ್ತಿತ್ತು!”

ಅದು ದರ್ಜಿಯ ಅಂಗಡಿಗೂ ಗಾಜು ಕತ್ತರಿಸುವವನ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ. ಅಣ್ಣ ಬಿಚ್ಚುವುದು, ಬೆಸುಗೆ ಹಾಕುವುದು, ಗಿರಾಕಿಗಳ ಹತ್ತಿರ ಮಾತಾಡುವುದು. ತಂಗಿ ಒಳಗಿನ ತಂತ್ರಾಂಶ ನೋಡುವುದು. ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಲಿನಕ್ಸ್ ಎಂಬ ಮೂಲ ತಂತ್ರಾಂಶದಲ್ಲಿ ನಡೆಯುವವು, ಅವನ್ನು ನೋಡಿಕೊಳ್ಳುವ ಕೆಲಸ ಇವರದ್ದೇ.

ಹೊಸ ಪ್ಯಾಕೇಜು, ಅಂದರೆ ಮಷೀನಿಗೆ ಹಾಕುವ ತಂತ್ರಾಂಶದ ಗಂಟು, ಕಟ್ಟುವಾಗ ತಂಗಿಗೆ ಒಂದು ಕ್ರಮವಿತ್ತು. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ, ಯಾವ ಅಧಿಕಾರವೂ ಇಲ್ಲದ ಖಾತೆಯೊಂದರಲ್ಲಿ, ಸುತ್ತ ಬೇಲಿ ಹಾಕಿದ ಖಾಲಿ ಜಾಗದಲ್ಲಿ ಕಟ್ಟುತ್ತಿದ್ದಳು. ಕಟ್ಟುವ ಮೊದಲು, ಹೇಗೆ ಕಟ್ಟಬೇಕೆಂಬ ಆಜ್ಞೆಗಳಿರುವ ಬಿಲ್ಡ್ ಫೈಲನ್ನು ಸಾಲು ಬಿಡದೆ ಓದುತ್ತಿದ್ದಳು. ಕಟ್ಟಿದ ಮೇಲೂ ಅದನ್ನು ಬಿಚ್ಚಿ, ಯಾವ ಕಡತ ಎಲ್ಲಿ ಹೋಗಿ ಕೂರುತ್ತೆ, ಹಾಕುವಾಗ ಯಾವ ಆಜ್ಞೆ ನಡೆಯುತ್ತೆ ಅಂತ ನೋಡದೆ ಯಾರ ಮಷೀನಿಗೂ ಹಾಕುತ್ತಿರಲಿಲ್ಲ. ರೂಟ್ ಅಂದರೆ ಎಲ್ಲ ಅಧಿಕಾರವೂ ಇರುವ ಖಾತೆ, ಮನೆಯ ಬೀಗದ ಕೈಗೊಂಚಲೆಲ್ಲ ಒಬ್ಬನ ಸೊಂಟಕ್ಕೆ ಕಟ್ಟಿದ ಹಾಗೆ. ಗುರುತಿಲ್ಲದವನಿಗೆ ಅದನ್ನು ಕೊಟ್ಟು ಹೊರಗೆ ಕೂರುತ್ತೀಯಾ ಅಂತ ಕೇಳುತ್ತಿದ್ದಳು. ಅಣ್ಣನಿಗೆ ಅದೆಲ್ಲ ಕೆಲಸಗಳ್ಳತನದಂತೆ ಕಾಣುತ್ತಿತ್ತು. ಆಸ್ಪತ್ರೆಯಿಂದ ಫೋನ್ ಬಂದಾಗ “ಆಯ್ತು, ಆಗೇಹೋಯ್ತು” ಅನ್ನುವುದು ಅವನ ಬಾಯಿಚಾಳಿ. ಅಂದ ಮೇಲೆ ಆಗಬೇಕಲ್ಲ.

ಆವತ್ತೂ ಹಾಗೇ ಆಯಿತು. ಯಾರೋ ಗೊತ್ತಿಲ್ಲದವರು ಇಂಟರ್‌ನೆಟ್ಟಿನಲ್ಲಿ ಹಾಕಿದ್ದ ಬಿಲ್ಡ್ ಫೈಲನ್ನು ಇಳಿಸಿಕೊಂಡು, ಅಂಗಡಿಗೆ ತಂದಿದ್ದ ಆಸ್ಪತ್ರೆಯ ಮಷೀನಿನಲ್ಲೇ ರೂಟ್ ಆಗಿ ಓಡಿಸಿದ್ದ.

ತಂಗಿ ತನ್ನ ಮಷೀನಿನಲ್ಲಿ ಆ ಫೈಲು ತೆಗೆದು ಓದುತ್ತಾ ಹೋದಳು. ಒಂದು ಕಡೆ ಬೆರಳಿಟ್ಟು ನಿಂತಳು.

“ಇಲ್ಲಿ ನೋಡು. ಕೆಲಸ ಶುರು ಮಾಡೋ ಮೊದಲು ಹಳೆ ಕಸ ಗುಡಿಸಿಹಾಕು ಅಂತಿದೆ. ಯಾವ ಫೋಲ್ಡರಿನ ಕಸ ಅನ್ನೋ ಹೆಸರು, ಇದನ್ನ ಬರೆದವನ ಕಂಪ್ಯೂಟರಲ್ಲಿತ್ತು. ನಮ್ಮದರಲ್ಲಿ ಇಲ್ಲ. ಹೆಸರಿನ ಜಾಗ ಖಾಲಿ. ಖಾಲಿ ಅಂದ್ರೆ ಬುಡದಿಂದ ಎಲ್ಲಾ ಗುಡಿಸು ಅಂತ ಅರ್ಥ ಆಯ್ತು ಅದಕ್ಕೆ. ಬೇರೆ ಖಾತೇಲಿ ಓಡಿಸಿದ್ರೆ ನಿಂಗೆ ಅಧಿಕಾರ ಇಲ್ಲ ಹೋಗಾಚೆ ಅಂತಿತ್ತು. ನೀನು ರೂಟು. ನಿಂಗೆ ಯಾರು ಬೇಡ ಅಂತಾರೆ?”

ಅಣ್ಣ ಕುರ್ಚಿಯಲ್ಲಿ ಕುಸಿದ. “ಪೇಷಂಟುಗಳ ದನಿ?”

“ಹೋಗಿದೆ.”

ಆಸ್ಪತ್ರೆಯಲ್ಲಿ ಒಂದು ಚಿಕ್ಕ ಕೋಣೆಯಿದೆ. ಗಂಟಲಿನ ರೋಗ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದವರನ್ನು ಆಪರೇಷನ್ನಿಗೆ ಮುಂಚೆ ಅಲ್ಲಿ ಕೂರಿಸಿ, ಮಾತು ಕಲಿಸುವ ಡಾಕ್ಟರಮ್ಮ ಅವರ ದನಿಯನ್ನು ರೆಕಾರ್ಡ್ ಮಾಡಿಡುತ್ತಾರೆ. ಮುಂದೆ ಆ ರೋಗಿ ಮಷೀನಿನಲ್ಲಿ ಬೆರಳಚ್ಚು ಮಾಡಿದರೆ ಅವನ ದನಿಯಲ್ಲೇ ಮಾತು ಹೊರಡುತ್ತದೆ. ಹಳಬರ ರೆಕಾರ್ಡುಗಳಿಗೆಲ್ಲ ಇನ್ನೊಂದು ಪ್ರತಿ ಇತ್ತು. ಪ್ರತಿ ತೆಗೆದ ಮೇಲೆ ಬಂದವರು ಒಬ್ಬರೇ, ಬಸ್ ಕಂಡಕ್ಟರ್. ಅವರ ಆಪರೇಷನ್ ಆಗಿಹೋಗಿತ್ತು. ಆ ದನಿ ಇನ್ನು ಅವರ ಗಂಟಲಲ್ಲಿ ಹುಟ್ಟುವಂತಿಲ್ಲ. ಇದ್ದದ್ದು ಈ ಡಿಸ್ಕಿನಲ್ಲಿ ಮಾತ್ರ.

“ನಾನೇ ಮೈಕ್ ಇಟ್ಟಿದ್ದೆ,” ಅಂದಳು ತಂಗಿ. “ಓದೋಕೆ ಕೊಟ್ಟ ವಾಕ್ಯ ಓದ್ತಾ ಓದ್ತಾ ಮಧ್ಯದಲ್ಲಿ ‘ಏ, ಬಾಗಿಲಲ್ಲಿ ನಿಂತೋರು ಒಳಗೆ ಹೋಗ್ರಪ್ಪಾ, ಬಸ್ಸೇನು ನಿಮ್ಮಪ್ಪಂದಾ’ ಅಂತ ಒಂದು ಕೂಗು ಹಾಕಿದ್ರು. ವಾರ್ಡಿನ ನರ್ಸು ಹೆದರಿ ಓಡಿಬಂದ್ಲು. ಡಾಕ್ಟರಮ್ಮ ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ.”

ಅಣ್ಣ ತಲೆ ಹಿಡಿದುಕೊಂಡ. ತಂಗಿ ಅವನ ಎದುರಿಗೆ ಸ್ಟೂಲು ಎಳೆದು ಕೂತಳು. ಅವಳ ದನಿ ಈಗ ತಗ್ಗಿತ್ತು.

“ಕೇಳು. ಅಳಿಸಿದ್ರೂ ಡಿಸ್ಕಲ್ಲಿ ಅದರ ಗುರುತು ಇನ್ನೂ ಇರುತ್ತೆ. ಅದರ ಮೇಲೆ ಬೇರೇನೂ ಬರೀಬಾರದು, ಅಷ್ಟೇ. ಅದಕ್ಕೇ ವೈರು ಕಿತ್ತಿದ್ದು. ಅಳಿಸಿದ್ದನ್ನ ಎತ್ತಿಕೊಡೋರು ಇದ್ದಾರೆ, ಅವರಿಗೆ ಕಳ್ಸೋಣ. ದಿನ ಹಿಡಿಯುತ್ತೆ. ಎಲ್ಲಾ ಸಿಗುತ್ತೆ ಅಂತ ನಾನು ಹೇಳಲ್ಲ. ಆದ್ರೆ ಸಿಗಬಹುದು. ಡಾಕ್ಟರಮ್ಮನಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳೋಣ.”

“ಹೇಳಿದ್ರೆ ಆಸ್ಪತ್ರೆ ನಮ್ಮನ್ನ ಬಾಗಿಲ ಹತ್ರನೂ ಸೇರಿಸಲ್ಲ.”

“ಸೇರಿಸದಿದ್ರೆ ಬೇಡ.”

“ಬೇಡ ಅನ್ನೋಕೆ ನಿಂಗೆ ಸುಲಭ! ನಿನ್ನನ್ನ ಯಾರ್ ಬೇಕಾದ್ರೂ ಕೆಲಸಕ್ಕೆ ತಗೋತಾರೆ. ನಾನು? ಸ್ಕ್ರೂಡ್ರೈವರ್ ಹಿಡಿದು ಬೀದೀಲಿ ಕೂರ್ಲಾ? ಆ ಆಸ್ಪತ್ರೇಲಿ ಮೊದಲನೇ ಸಲ ನನಗೆ ಕುರ್ಚಿ ಕೊಟ್ಟು ಕೂರಿಸಿ ಮಾತಾಡ್ಸಿದ್ದು. ಅದನ್ನ ನಾನೇ ಹೋಗಿ ಒದ್ದುಬರ್ಲಾ?”

ಅವನ ಮಾತೂ ಸುಳ್ಳಲ್ಲ. ತಂಗಿ ಕಿತ್ತ ವೈರನ್ನು ಸುತ್ತಿ ಮೇಜಿನ ಮೇಲಿಟ್ಟಳು. “ಕುರ್ಚಿ ಹೋಗುತ್ತೆ. ಹೋಗ್ಲಿ ಬಿಡಣ್ಣ,” ಅಂದಳು. “ಡಿಸ್ಕು ಕಳ್ಸೋಕೆ ಸರಿಯಾದ ಪೆಟ್ಟಿಗೆ ತರ್ತೀನಿ. ಅಲ್ಲೀವರೆಗೆ ಅದನ್ನ ಮುಟ್ಟಬೇಡ. ಇದೊಂದು ಮಾತು ನಡ್ಸು.”

ಅವನು ತಲೆಯಾಡಿಸಿದ. ನಡೆಸಬೇಕು ಅಂತಲೇ ಇದ್ದ.

ಅವಳು ಹೋದ ಸ್ವಲ್ಪ ಹೊತ್ತಿಗೆ ಫೋನ್ ಬಂತು. ಡಾಕ್ಟರಮ್ಮ. “ಕಂಡಕ್ಟರ್ ಸಂಜೆ ಬರ್ತಿದ್ದಾರೆ ಇವರೇ. ಆಪರೇಷನ್ ಆದ ಮೇಲೆ ಮೊದಲನೇ ಸಲ ಮಾತಾಡ್ತಾರೆ. ಹೆಂಡತಿನೂ ಬರ್ತಾರೆ. ಮಷೀನು ರೆಡಿ ಇರುತ್ತಲ್ಲ?”

ಅಣ್ಣ ಬಾಯಿ ತೆರೆದ. ಇಲ್ಲ ಅನ್ನುವ ಮಾತು ಗಂಟಲವರೆಗೆ ಬಂದಿತ್ತು.

“ಆಯ್ತು ಮೇಡಮ್ಮೋರೇ. ಆಗೇಹೋಯ್ತು.”

ಫೋನ್ ಇಟ್ಟ ಮೇಲೆ ಅವನು ತುಂಬಾ ಹೊತ್ತು ಆ ಮಷೀನನ್ನೇ ನೋಡುತ್ತ ಕೂತ. ಬೇರೆ ಡಿಸ್ಕು ಹಾಕಬಹುದಿತ್ತು. ಹಾಕಿದರೆ ಹಳೆಯದೆಲ್ಲಿ ಅಂತ ಆಸ್ಪತ್ರೆಯವರು ಕೇಳುತ್ತಾರೆ. ಅಳಿಸಿದವರು ಯಾರು ಅಂತ ಆ ಹಳೆಯದೇ ಸಾಕ್ಷಿ ಹೇಳುತ್ತದೆ. ಇದರ ಮೇಲೇ ಎಲ್ಲ ಹೊಸದಾಗಿ ಬರೆದುಬಿಟ್ಟರೆ ಕೇಳುವವರಿಲ್ಲ. ಡಿಸ್ಕು ಮುಂಚೆಯೇ ಕೆಟ್ಟಿತ್ತು, ಒಬ್ಬರ ದನಿ ಉಳಿಯಲಿಲ್ಲ, ಉಳಿದವರದ್ದು ಹಳೇ ಪ್ರತಿಯಿಂದ ಬಂತು. ಎಷ್ಟು ಚೆನ್ನಾಗಿ ಕೂರುತ್ತಿತ್ತು ಆ ಸುಳ್ಳು! ತನ್ನ ಕೈ ವೈರನ್ನು ಗೋಡೆಗೆ ಚುಚ್ಚುವುದನ್ನು ಅವನು ಬೇರೆ ಯಾರದೋ ಕೈ ಎಂಬಂತೆ ನೋಡಿದ.

ತಂಗಿ ಮೆತ್ತೆ ಹಾಸಿದ್ದ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದಾಗ ಪರದೆಯ ಮೇಲೆ ಹೊಸ ಲಿನಕ್ಸು ಕೂತಾಗಿತ್ತು. ಅವಳು ಬಾಗಿಲಲ್ಲೇ ನಿಂತಳು. ಅಣ್ಣ ಬೈಗುಳಕ್ಕೆ ಸಿದ್ಧನಾಗಿ, ತಿರುಗಿ ಬೈಯಲು ಮಾತೂ ಜೋಡಿಸಿಕೊಂಡಿದ್ದ. ಅವಳು ಬೈಯಲಿಲ್ಲ. ಪೆಟ್ಟಿಗೆಯನ್ನು ನೆಲಕ್ಕಿಟ್ಟು, “ಸಂಜೆ ನಾನೂ ಬರ್ತೀನಿ. ಏನು ಹೇಳ್ತೀಯ ಅಂತ ಕೇಳಬೇಕು,” ಅಂದಳು.

ಸಂಜೆ ಆ ಚಿಕ್ಕ ಕೋಣೆಯಲ್ಲಿ ಕಂಡಕ್ಟರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಆಪರೇಷನ್ನಿನಲ್ಲಿ ಉಸಿರಿಗೆಂದು ಮಾಡಿದ ಕುತ್ತಿಗೆಯ ತೂತಿನ ಮೇಲೆ ತೆಳು ಬಿಳಿ ಬಟ್ಟೆ. ಉಸಿರು ಅದರಡಿಯಿಂದಲೇ ಹೋಗಿ ಬರುತ್ತಿತ್ತು. ಹೆಂಡತಿಗೆ ಕೂತಲ್ಲಿ ಕೂರಲಾಗದಷ್ಟು ಸಂಭ್ರಮ.

“ಮೊದಲು ನನ್ನನ್ನ ಕರೆಯೋದು ಹಾಕ್ರೀ,” ಅಂದರು ಆಕೆ ನಾಚಿಕೊಂಡು. “ನನಗೆ ‘ಯಜಮಾನ್ರೇ’ ಅಂತಾರೆ ಇವರು. ಮದುವೆಯಾದಾಗಿಂದ ಹಂಗೇ, ಗೇಲಿ. ‘ಯಜಮಾನ್ರೇ, ಊಟಕ್ಕೆ ಅಪ್ಪಣೆ ಆಗುತ್ತಾ?’ ಅಂತ. ರೆಕಾರ್ಡಲ್ಲಿ ಅದನ್ನೂ ಸೇರಿಸಿ ಬಂದಿದ್ದೀನಿ ಅಂತ ಆಪರೇಷನ್ನಿಗೆ ಹೋಗೋ ಮುಂಚೆ ಕಿವೀಲಿ ಹೇಳಿದ್ರು.”

ಕಂಡಕ್ಟರ್ ಹೆಂಡತಿಯ ಮೊಣಕೈಗೆ ಮೆಲ್ಲಗೆ ತಿವಿದರು. ಡಾಕ್ಟರಮ್ಮ ಅಣ್ಣನತ್ತ ತಿರುಗಿದರು.

“ಶುರು ಮಾಡೋಣ್ವಾ ಇವರೇ?”

ಅಣ್ಣ ಎದ್ದು ನಿಂತ. ಮಧ್ಯಾಹ್ನದಿಂದ ಬಾಯಿಪಾಠ ಮಾಡಿದ್ದು ಸಲೀಸಾಗಿ ಬಂತು. “ಒಂದು ತೊಂದರೆ ಆಗಿದೆ ಮೇಡಮ್ಮೋರೇ. ಡಿಸ್ಕು ಕೆಟ್ಟಿತ್ತು. ಎಲ್ಲರದ್ದೂ ಉಳೀತು, ಇವರದ್ದು ಉಳೀಲಿಲ್ಲ. ಮಷೀನು ಮಾತಾಡುತ್ತೆ. ಆದ್ರೆ ದನಿ ಮಾತ್ರ ಮಷೀನಿಂದೇ.”

ಡಾಕ್ಟರಮ್ಮ ಕನ್ನಡಕ ತೆಗೆದರು. ಹೆಂಡತಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು. ತಂಗಿ ಗೋಡೆಗೆ ಒರಗಿ ಅಣ್ಣನನ್ನೇ ನೋಡುತ್ತಿದ್ದಳು. 

ಕಂಡಕ್ಟರ್ ಮಷೀನನ್ನು ತಮ್ಮತ್ತ ಎಳೆದುಕೊಂಡರು. ಟಿಕೆಟ್ ಹರಿದು ಹರಿದು ದಪ್ಪವಾಗಿದ್ದ ಬೆರಳು ಅಕ್ಷರ ಹುಡುಕುತ್ತಾ ಹೋಯಿತು. ಆಮೇಲೆ ಮಷೀನು ಯಾರದ್ದೂ ಅಲ್ಲದ ದನಿಯಲ್ಲಿ ಹೇಳಿತು: “ಪರವಾಗಿಲ್ಲ ಸಾರ್. ನಡುದಾರೀಲಿ ಬಸ್ಸು ಕೆಟ್ರೆ ಎಲ್ಲರೂ ಕಂಡಕ್ಟರಿಗೇ ಬೈತಾರೆ. ನನಗೆ ಗೊತ್ತು. ನೀವೇನು ಮಾಡ್ತೀರಿ, ಪಾಪ.”

ಹೇಳಿಸಿ, ಅಣ್ಣನ ಕೈಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದರು.

ಆ ತಟ್ಟಿದ್ದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಕೆನ್ನೆಗೆ ಹೊಡೆದಿದ್ದರೆ ನಿಂತುಕೊಳ್ಳುತ್ತಿದ್ದ. ಅವರ ಕೈಯಡಿಯಿಂದ ಕೈ ಎಳೆದುಕೊಂಡ.

“ಬಸ್ಸು ಕೆಟ್ಟಿರಲಿಲ್ಲ ಸ್ವಾಮಿ,” ಅಂದ.  ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದ. “ಡಿಸ್ಕು ಚೆನ್ನಾಗಿತ್ತು. ಅಳಿಸಿದ್ದು ನಾನು. ಯಾರೋ ಬರೆದದ್ದನ್ನ ಓದದೆ, ನಿಮ್ಮ ದನಿ ಇದ್ದ ಮಷೀನಲ್ಲೇ ಓಡ್ಸಿದೆ. ನನ್ನ ತಂಗಿ ಹಂಗೆ ಮಾಡಬೇಡ ಅಂತ ಯಾವಾಗ್ಲೂ ಹೇಳ್ತಿದ್ಲು. ಅಳಿಸಿದ ಮೇಲೂ ವಾಪಸ್ ಸಿಗೋ ದಾರಿ ಇತ್ತು. ಮಧ್ಯಾಹ್ನ ನಾನು ಅದನ್ನೂ ಮುಚ್ಚಿಹಾಕ್ದೆ. ಬೆಳಗ್ಗೆ ಅಳಿಸಿದ್ದು ಗೊತ್ತಿಲ್ದೆ. ಮಧ್ಯಾಹ್ನ ಅಳಿಸಿದ್ದು ಗೊತ್ತಿದ್ದೇ. ನಾನು ಸಿಕ್ಕಿಬೀಳಬಾರದು ಅಂತ.”

“ಏನ್ರೀ ಹೇಳ್ತಿದ್ದೀರಿ ನೀವು?” ಡಾಕ್ಟರಮ್ಮ ಎದ್ದುನಿಂತರು. “ಇನ್ನೂ ಸಿಗುತ್ತಾ ಅದು?” ಅಂತ ತಂಗಿಯನ್ನು ಕೇಳಿದರು.

ತಂಗಿ ಇಲ್ಲ ಅಂತ ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು.

ಕಂಡಕ್ಟರ್ ಬಾಯಿ ತೆರೆದರು. ಬಸ್ಸಿನ ಹಿಂದಿನ ಸೀಟಿನವರೆಗೂ ಮುಟ್ಟುವಂಥ ಬೈಗುಳವೇ ಇದ್ದಿರಬೇಕು. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ತೂತಿನ ಮೇಲಿನ ಬಿಳಿ ಬಟ್ಟೆ ಒಮ್ಮೆ ಎದ್ದು ಬಿದ್ದಿತು, ಅಷ್ಟೇ. ಬರೀ ಗಾಳಿ. ಅಣ್ಣ ಆ ಬೈಗುಳಕ್ಕಾಗಿ ತಲೆ ತಗ್ಗಿಸಿ ಕಾದೇ ಕಾದ.

ಕಂಡಕ್ಟರ್ ಮಷೀನಿನ ಕಡೆ ನೋಡಿದರು. ಬೆರಳು ಅಕ್ಷರಗಳ ಮೇಲೆ ಬಂದು, ಮುಟ್ಟದೆ, ಹಿಂದಕ್ಕೆ ಸರಿಯಿತು. ಮಷೀನನ್ನು ಮೇಜಿನ ಆ ಬದಿಗೆ ನೂಕಿದರು. ಎದ್ದು, ಅಂಗಿ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಹೆಂಡತಿ ಬಾಗಿಲವರೆಗೆ ಹೋಗಿ ಅಣ್ಣನ ಕಡೆ ತಿರುಗಿದರು. “ನೀವು ಮಷೀನು ಕೆಟ್ಟಿತ್ತು ಅಂತಲೇ ಬಿಟ್ಟಿದ್ರೆ ನಮಗೆ ಗೊತ್ತಾಗ್ತಿರಲಿಲ್ಲ,” ಅಂದರು. ಅದು ಬೈಗುಳವೋ ಇನ್ನೇನೋ ಯಾರಿಗೂ ತಿಳಿಯಲಿಲ್ಲ. ಆಕೆಗೂ ತಿಳಿದಂತೆ ಕಾಣಲಿಲ್ಲ. “ಇರಿ ಡಾಕ್ಟರಮ್ಮ, ಕರ್ಕೊಂಡು ಬರ್ತೀನಿ,” ಅಂತ ಗಂಡನ ಹಿಂದೆ ಓಡಿದರು.

ಮೂವರೂ ಕಾದರು. ಹೊರಗೆ ವಾರ್ಡಿನ ಗಾಡಿ ಗಡಗಡ ಹೋಯಿತು, ಯಾರೋ ಕೆಮ್ಮಿದರು. ತಂಗಿ ಬಂದು ಅಣ್ಣನ ಪಕ್ಕದ ಕುರ್ಚಿಯಲ್ಲಿ ಕೂತಳು. ಬಾಗಿಲು ತೆರೆದೇ ಇತ್ತು. ಕಂಡಕ್ಟರ್ ಆವತ್ತೂ ಬರಲಿಲ್ಲ, ಆಮೇಲೆ ಡಾಕ್ಟರಮ್ಮ ಹೇಳಿಕಳಿಸಿದರೂ ಬರಲಿಲ್ಲ.