ಎಡಗಡೆಯ ಬ್ರೇಕು

ನಾನು ಒಂದು ಬ್ರೇಕ್ ಪೆಡಲ್. ಕಾರಿನೊಂದಿಗೆ ಹುಟ್ಟಿದ್ದಲ್ಲ. ಧಾರವಾಡದ ಒಂದು ಗ್ಯಾರೇಜಿನಲ್ಲಿ, ಹಳೆಯ ಜೀಪಿನ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಬಗ್ಗಿಸಿ, ತುದಿಗೆ ರಬ್ಬರು ಕೂರಿಸಿ ನನ್ನನ್ನು ಮಾಡಿದರು. ಡ್ರೈವಿಂಗ್ ಸ್ಕೂಲಿನ ಬಿಳಿ ಕಾರಿನಲ್ಲಿ, ಕಲಿಸುವವರು ಕೂರುವ ಎಡಗಡೆಯ ಸೀಟಿನ ಮುಂದೆ ನನ್ನನ್ನು ಜೋಡಿಸಿದರು. ಒಂದು ಸರಳು ನನ್ನನ್ನೂ ಬಲಗಡೆಯ ಬ್ರೇಕನ್ನೂ ಸೇರಿಸುತ್ತದೆ. ನನ್ನನ್ನು ತುಳಿದರೆ ಅದು ತಗ್ಗುತ್ತದೆ. ಅದನ್ನು ತುಳಿದರೆ ನಾನೂ ತಗ್ಗುತ್ತೇನೆ.

ಮೊದಲ ದಿನ ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಪಚಕ್ಕೆಂದು ಒಡೆದ ಸದ್ದಿಗೇ ನಾನು ಬೆಚ್ಚಿದ್ದೆ. ಆ ಹೆದರಿಕೆ ಮುಂದೆಂದೂ ನನ್ನನ್ನು ಬಿಡಲಿಲ್ಲ. ನನಗೆ ರಸ್ತೆ ಕಾಣುವುದಿಲ್ಲ. ಕಾಣುವುದು ಪಾದಗಳು ಮಾತ್ರ. ಹಾರ್ನು ಕೇಳುತ್ತದೆ, ಬಸ್ಸು ಹಾಯ್ದಾಗ ತಗಡು ನಡುಗುತ್ತದೆ. ಏನೋ ಎದುರಿಗೆ ಬರುತ್ತಿದೆ ಎಂದು ತಿಳಿಯುತ್ತದೆ. ಎಷ್ಟು ಹತ್ತಿರ ಎಂದು ತಿಳಿಯುವುದಿಲ್ಲ. ನನ್ನಂಥವರ ಕೈಗೆ ಜೀವಗಳನ್ನು ಕೊಡಬಹುದೇ ಎಂದು ನಾನೇ ಎಷ್ಟೋ ಸಲ ಯೋಚಿಸಿದ್ದೇನೆ.

ನನ್ನ ಮೇಲಿದ್ದದ್ದು ದಾವಲಸಾಬರ ಪಾದ. ಹಿಮ್ಮಡಿ ಒಡೆದ, ಅಗಲವಾದ, ಶಾಂತ ಪಾದ. ಅವರು ಯಾರನ್ನೂ ಬೈಯುತ್ತಿರಲಿಲ್ಲ. ಕಲಿಯುವವರು ತಡವರಿಸಿದರೆ ಸದ್ದಿಲ್ಲದೆ ನನ್ನನ್ನು ಒತ್ತುತ್ತಿದ್ದರು. ಕಾರು ನಿಂತ ಮೇಲೆ, "ಶಾಬಾಶ್, ಬ್ರೇಕ್ ಭೇಷ್ ಹಿಡದ್ರಿ ನೋಡ್ರಿ" ಅನ್ನುತ್ತಿದ್ದರು. ಅಂಜಿದವರಿಗೆ ಧೈರ್ಯ ಬರಲಿ ಎಂದು ಅವರು ಹಿಡಿದ ರೀತಿ ಅದು.

ಒಂದು ಬೇಸಿಗೆಯಲ್ಲಿ ಬಲಗಡೆಗೆ ಮಹಾದೇವಿಯ ಪಾದ ಬಂತು. ಕಾಲುಂಗುರದ ಸಂದಿಯಲ್ಲಿ ಜೋಳದ ಹಿಟ್ಟು. ಪೆಡಲಿನ ಮೇಲಿಟ್ಟ ಕೂಡಲೇ ನಡುಕ ಸರಳಿನ ಗುಂಟ ನನಗೂ ಬಂತು.

"ನೀವು ನಮ್ಮಲ್ಲೇ ಕಲ್ತು ಲೈಸನ್ಸ್ ತಗೊಂಡವರಲ್ರಿ ಅಕ್ಕಾರ. ಮತ್ಯಾಕ ಬಂದ್ರಿ?" ಎಂದರು ದಾವಲಸಾಬರು.

"ಲೈಸನ್ಸ್ ಐತ್ರಿ ಮಾಸ್ತರ. ಗಾಡಿ ಹೊಡಿಯಾಕ ಬರೂದಿಲ್ಲ."

ಅವಳದು ರೊಟ್ಟಿ ಬಡಿಯುವ ಮನೆ. ಗಂಡ ಗುರುಸಿದ್ದಪ್ಪ ವ್ಯಾನಿನಲ್ಲಿ ಹಾಸ್ಟೆಲುಗಳಿಗೆ ರೊಟ್ಟಿ ಒಯ್ಯುತ್ತಿದ್ದ. ಹೋದ ತಿಂಗಳು ಅವನಿಗೆ ಮೂರ್ಛೆ ಬಂತು. ಇನ್ನು ಗಾಡಿ ಓಡಿಸಕೂಡದು ಎಂದರು ಡಾಕ್ಟರು. ರಜೆ ಮುಗಿದು ಹಾಸ್ಟೆಲು ತೆರೆಯುವುದರೊಳಗೆ ಅವಳು ಓಡಿಸಬೇಕು. ಇಲ್ಲವಾದರೆ ಅಲ್ಲಿಗೆ ಬೇರೆಯವರ ರೊಟ್ಟಿ ಹೋಗುತ್ತದೆ, ಇವರ ಒಲೆ ಆರುತ್ತದೆ. ಅದಕ್ಕೇ ಬೆಳಗ್ಗೆ, ಸಂಜೆ ಎರಡೂ ಹೊತ್ತು ಕ್ಲಾಸು.

ಮೊದಲ ದಿನಗಳು ಸುಗಮವಾಗಿ ಹೋದವು. ಅವಳು ಅರ್ಧ ಒತ್ತುವಳು, ಉಳಿದರ್ಧ ದಾವಲಸಾಬರು. ಅವರು ಶಾಬಾಶ್ ಎಂದ ಒಂದು ಸಂಜೆ ಅವಳು ಕಾರನ್ನು ಬದಿಗೆ ನಿಲ್ಲಿಸಿದಳು.

"ಮಾಸ್ತರ, ನಿಮ್ಮ ಕಾಲು ಎಲ್ಲೈತ್ರಿ?"

"ಇಲ್ಲೇ ಐತಲ್ರಿ."

"ಬ್ರೇಕಿನ ಮ್ಯಾಲೆ ಐತಿ. ಮೊದಲ ಸಲ ಕಲ್ತಾಗೂ ಹಿಂಗ ಆತ್ರಿ. ನೀವು ಶಾಬಾಶ್ ಅಂತಿದ್ರಿ, ನಾನ ಹಿಡೀತೀನಿ ಅಂತ ತಿಳಕೊಂಡಿದ್ದೆ. ನಮ್ಮ ವ್ಯಾನಿನ್ಯಾಗ ಕುಂತು ಅಷ್ಟ ಮೆತ್ತಗ ಒತ್ತಿದೆ. ಉಳಿದದ್ದು ಒತ್ತಾವರು ಬಾಜೂಕ ಇರಲಿಲ್ಲ. ಗ್ವಾಡಿಗೆ ಬಡೀತು. ಮಗಳು ಮುಂದ ಕುಂತಿದ್ಲು, ಆಕಿ ಹಲ್ಲು ಮುರೀತು. ಅವತ್ತಿಂದ ಸ್ಟೇರಿಂಗ್ ಮುಟ್ಟಿಲ್ರಿ."

ಚಪ್ಪಲಿಯೊಳಗೆ ದಾವಲಸಾಬರ ಬೆರಳು ಮುದುಡಿದವು.

"ಈಗ ಏನ್ ಮಾಡ್ಲಿ, ಹೇಳ್ರಿ."

"ಕಾಲು ಮ್ಯಾಲೆ ತಗೊಂಡು, ಚಕ್ಕಳಮಕ್ಕಳ ಹಾಕ್ಕೊಂಡು ಕುಂದರ್ರಿ. ಊಟಕ್ಕ ಕುಂತಂಗ."

"ಅಕ್ಕಾರ, ನನಗ ಮನ್ಯಾಗ ಹೆಂಡ್ತಿ, ಮಕ್ಕಳು ಅದಾರ್ರಿ."

"ನನಗೂ ಅದಾರ್ರಿ. ಮ್ಯಾಲೆ ತಗೋರಿ."

ಪಾದ ಮೇಲೆ ಹೋಯಿತು. ಮ್ಯಾಟಿನ ಮೇಲೆ ಬರಿಯ ಚಪ್ಪಲಿ ಉಳಿದವು. ನನ್ನ ಬಾಳಿನಲ್ಲಿ ಅಷ್ಟು ಹೆದರಿದ ದಿನಗಳು ಬೇರೆ ಇಲ್ಲ. ಕಾರು ಓಡುತ್ತಿದೆ, ನನ್ನ ಮೇಲೆ ಯಾರೂ ಇಲ್ಲ. ಅವಳು ಒಮ್ಮೆ ಕಡಿಮೆ ಒತ್ತುವಳು, ಒಮ್ಮೆ ಹೆಚ್ಚು. ಕಾರು ಜಗ್ಗಿ ಜಗ್ಗಿ ನಿಲ್ಲುವುದು. ಮೇಲಿನಿಂದ ದಾವಲಸಾಬರ ತುಟಿಯಲ್ಲಿ ಸಣ್ಣಗೆ ಪ್ರಾರ್ಥನೆ ಕೇಳುತ್ತಿತ್ತು. ನನಗೆ ಪ್ರಾರ್ಥನೆ ಬರುವುದಿಲ್ಲ.

ಹಾಸ್ಟೆಲುಗಳು ತೆರೆಯುವ ಮುನ್ನಾದಿನ ಅವುಗಳಲ್ಲೊಂದರ ಮುಂದಿನ ಇಳಿಜಾರಿಗೆ ಬಂದೆವು. ಕಾರು ಮುಂದಕ್ಕೆ ವಾಲಿತು. ಚಪ್ಪಲಿಗಳು ಜಾರಿ ನನಗೆ ತಾಗಿದವು. ಆಗ "ಯಾ ಅಲ್ಲಾ" ಎಂಬ ದನಿ ಕೇಳಿತು. ದಾವಲಸಾಬರ ಬಲಗಾಲು ಸೀಟಿನಿಂದ ಕೆಳಗೆ ಬಿದ್ದು ನನ್ನನ್ನು ಹುಡುಕಿತು. ಜೋಮು ಹಿಡಿದ ಕಾಲು. ಎಲ್ಲೆಲ್ಲೋ ತಡಕಾಡಿತು, ಸಿಗಲಿಲ್ಲ. ನಾನು ಕಾದೆ. ಮುಗಿಯಿತು ಎಂದುಕೊಂಡೆ.

ಮರುಕ್ಷಣ ನಾನು ತಗ್ಗಿದೆ. ನನ್ನ ಮೇಲೆ ಯಾವ ಪಾದವೂ ಇರಲಿಲ್ಲ. ಆದರೂ ನೆಲ ಮುಟ್ಟುವವರೆಗೆ ತಗ್ಗಿದೆ. ಕಾರು ಕಿರುಚಿ ನಿಂತಿತು.

ಹೊರಗೆ ಒಬ್ಬಳು, "ಏ ಭಾಡ್ಯಾ, ಚಂಡಿನ ಹಿಂದ ಓಡ್ತಿಯೇನ, ಕಣ್ಣ ಕಾಣೂದಿಲ್ಲಾ" ಎಂದು ತನ್ನ ಮಗುವನ್ನು ಬೈಯತೊಡಗಿದಳು. ಬೈಗುಳ ಕೇಳಿದ ಮೇಲೆ ನನಗೆ ಜೀವ ಬಂತು. ಮಗು ಉಳಿದಿದೆ.

ದಾವಲಸಾಬರು ಶಾಬಾಶ್ ಎನ್ನಲಿಲ್ಲ. "ಇದನ್ನ ನಾ ಹಿಡದಿಲ್ರಿ ಅಕ್ಕಾರ" ಎಂದರು.

"ಗೊತ್ತೈತ್ರಿ" ಎಂದಳು ಮಹಾದೇವಿ. ಅವಳ ಪಾದ ಆಮೇಲೆ ನಡುಗಿತು. ಆದರೆ ಬ್ರೇಕನ್ನು ಬಿಡಲಿಲ್ಲ.

ವರ್ಷಗಳು ಕಳೆದವು. ನನ್ನ ರಬ್ಬರು ಸವೆಯಿತು. ಕಾರನ್ನು ಮಾರುವಾಗ, ಕೊಂಡವರು ಮನೆಯ ಕಾರಿಗೆ ಇದೇಕೆ ಎಂದು ನನ್ನನ್ನು ಬಿಚ್ಚಿಸಿದರು. ಹುಟ್ಟಿದ ಗ್ಯಾರೇಜಿಗೇ ಮರಳಿ ಬಂದು ಗೋಡೆಯ ಮೊಳೆಗೆ ನೇತುಬಿದ್ದಿದ್ದೇನೆ. ಇಲ್ಲಿಂದ ಮನುಷ್ಯರ ಮುಖಗಳೂ ಕಾಣುತ್ತವೆ.

ಮೊನ್ನೆ ಒಂದು ರೊಟ್ಟಿಯ ವ್ಯಾನು ಬಂತು. ಇಳಿದವಳ ಮುಖ ನನಗೆ ಗುರುತಿಲ್ಲ. ಕಾಲುಂಗುರದ ಸಂದಿಯ ಹಿಟ್ಟು ಗುರುತಾಯಿತು. ಎಡಗಡೆಯಿಂದ ಬೆವರು ಒರೆಸಿಕೊಳ್ಳುತ್ತ ಇಳಿದವನು ಅವಳ ಗಂಡ ಗುರುಸಿದ್ದಪ್ಪನೇ ಇರಬೇಕು.

ಗ್ಯಾರೇಜಿನ ಮೇಸ್ತ್ರಿ ನನ್ನನ್ನು ತೋರಿಸಿ ನಕ್ಕ. "ಯಜಮಾನ್ರ, ಇದನ್ನ ನಿಮ್ಮ ಬಾಜೂಕ ಕೂಡಸ್ಲೇನ್ರಿ?"

"ಕೂಡಸು ಮಾರಾಯ. ಇಕಿ ಹೊಡೀವಾಗ ನೆಲ ಒತ್ತಿ ಒತ್ತಿ ಮ್ಯಾಟ್ ಹರದೈತಿ."

ಮಹಾದೇವಿ ನನ್ನನ್ನು ಇಳಿಸಿ, ಸವೆದ ರಬ್ಬರಿನ ಮೇಲೆ ಹೆಬ್ಬೆರಳು ಆಡಿಸಿದಳು. "ಬ್ಯಾಡ. ಹೊಸಾ ಮ್ಯಾಟ್ ಹಾಕಸೋಣು" ಎಂದು ಮೊಳೆಗೇ ತೂಗುಹಾಕಿದಳು.

ವ್ಯಾನು ಹೊರಟಿತು. ತಿರುವಿನಲ್ಲಿ ಯಾರೋ ಜೋರಾಗಿ ಹಾರ್ನು ಒತ್ತಿದರು. ಹಳೆಯ ಹೆದರಿಕೆಗೆ ನಾನು ಮೊಳೆಯ ಮೇಲೇ ತಗ್ಗಲು ನೋಡಿದೆ. ಈಗ ನನಗೆ ಸರಳಿಲ್ಲ.

ವ್ಯಾನು ನಿಂತಿತು. ಆಮೇಲೆ ಮುಂದೆ ಹೋಯಿತು.