ಹೊಸ್ತಿಲ ಆಚೆಯ ಅಕ್ಷರ

ಮೂವತ್ತೆಂಟನೇ ಇಸವಿಯ ಆ ಪರೀಕ್ಷೆ ನೆನಪಾದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಶಾಲಾ ಇನ್‌ಸ್ಪೆಕ್ಟರರ ಮೇಲೆ ಎಷ್ಟು ಸಿಟ್ಟೋ ನನ್ನ ಮೇಲೂ ಅಷ್ಟೇ.

ಕೋಸಗಿ ಸ್ಟೇಷನ್ನಿನಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿ ನಮ್ಮ ಶಾಲೆ. ಹೆಡ್‌ಮಾಸ್ತರರು ಚನ್ನಬಸಯ್ಯನವರು. ನಾನು, ಗುರುಶಾಂತಮ್ಮ, ಒಂದನೇ ಇಯತ್ತೆಯ ಟೀಚರು. ಆದೋನಿಯ ಅರಳೆ ವ್ಯಾಪಾರಿಗಳ ಮನೆಯ ವಿಧವೆ ಸಂಬಳಕ್ಕೆ ನಿಂತದ್ದೇ ಊರಿಗೆ ದೊಡ್ಡ ಸುದ್ದಿಯಾಗಿತ್ತು. ಇನ್ನೊಂದು ಸುದ್ದಿಗೆ ಕಾರಣವಾಗುವ ಧೈರ್ಯ ನನಗಿರಲಿಲ್ಲ.

ಊರ ಹೊರಗಿನ ಕೇರಿಯ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂದು ಸರ್ಕಾರದ ಹುಕುಂ ಬಂದಿತ್ತು. ಹೀಗೆ ಸೇರಿದವಳು ಕೊಂಡಮ್ಮನ ಮಗಳು ಉರುಕುಂದಿ. ಏಳು ವರ್ಷದ ಹುಡುಗಿ. ಹುಕುಮಿನಲ್ಲಿ ಎಲ್ಲಿ ಕೂಡಿಸಬೇಕೆಂದು ಬರೆದಿರಲಿಲ್ಲವಂತೆ. ಹಾಗಾಗಿ ಅವಳ ಹೆಸರು ಒಳಗೆ ಹಾಜರಿ ಪುಸ್ತಕದಲ್ಲಿತ್ತು, ಅವಳು ಹೊರಗೆ ಹೊಸ್ತಿಲಾಚೆಯ ಮಣ್ಣಿನಲ್ಲಿದ್ದಳು. ಇದಕ್ಕೆ ಶಾಲೆಗೆ ಸೇರಿಸಿಕೊಳ್ಳುವುದು ಎನ್ನುತ್ತಿದ್ದೆವು, ನಾಚಿಕೆಯಿಲ್ಲದೆ.

ಆಗ ಅಕ್ಷರ ಕಲಿಸುತ್ತಿದ್ದುದು ಮರಳಿನ ಮೇಲೆ. ಬಾಗಿಲ ಬಳಿ ಬೆಳಕಿನಲ್ಲಿ ಮರಳು ಹರಡಿ, ಮಕ್ಕಳನ್ನು ಬಾಗಿಲ ಕಡೆ ಮುಖ ಮಾಡಿ ಕೂಡಿಸಿ, ಒಬ್ಬೊಬ್ಬರ ಹಿಂದೆ ನಾನು ಕೂತು ಬೆರಳು ಹಿಡಿದು ತಿದ್ದಿಸುತ್ತಿದ್ದೆ. ಉರುಕುಂದಿಯ ಬೆರಳನ್ನು ಯಾರೂ ಹಿಡಿಯಲಿಲ್ಲ. ಅವಳು ಹೊರಗಿನಿಂದ ನಮ್ಮತ್ತ ಮುಖ ಮಾಡಿ ಕೂತು, ಮರಳಿನಲ್ಲಿ ಕಂಡದ್ದನ್ನು ಕಂಡ ಹಾಗೆಯೇ ತನ್ನ ಮುಂದಿನ ಮಣ್ಣಿನಲ್ಲಿ ತಿದ್ದುತ್ತಿದ್ದಳು. ಒಳಗಿನಿಂದ ನೋಡಿದರೆ ಅವಳ ಅಕ್ಷರಗಳು ಮುತ್ತು ಪೋಣಿಸಿದಂತೆ ಇರುತ್ತಿದ್ದವು. “ಚಂದ ಬರದೀ” ಎಂದು ಕೂತಲ್ಲಿಂದಲೇ ಹೊಗಳಿ ಸುಮ್ಮನಾಗುತ್ತಿದ್ದೆ. ಒಂದು ದಿನವಾದರೂ ಹೊಸ್ತಿಲು ದಾಟಿ ಅವಳ ಪಕ್ಕದಲ್ಲಿ ನಿಂತು ನೋಡಲಿಲ್ಲ.

ಪರೀಕ್ಷೆಯ ಮುಂಜಾನೆ ಕೊಂಡಮ್ಮ ಬಂದು ದೂರದಲ್ಲೇ ನಿಂತಳು.

“ಪಾಸಾದ್ರ ಸಾಲಿ ಬಿಡಸಂಗಿಲ್ರಿ ಅಕ್ಕೋರ, ನಾ ಒಂದ್ಹೊತ್ತು ಉಂಡ್ರೂ ಚಿಂತಿಲ್ಲ. ಇಲ್ಲಂದ್ರ ನಾಳೆ ಆದೋನಿ ಜಿನ್ನಿಗಿ ಕರಕೊಂಡ ಹೋಗ್ತೀನ್ರಿ. ಮೇಸ್ತ್ರಿ ಜಾಗ ಐತಿ ಅಂದಾನ.”

ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿ ಕೂಸುಗಳು ದೂಳು ಕುಡಿದು ಕೆಮ್ಮುವುದನ್ನು ನಾನು ಕಂಡವಳು. ನಮ್ಮ ಮನೆಯವರದೇ ಒಂದು ಜಿನ್ನು ಇತ್ತು.

“ಪಾಸಾಗ್ತಾಳ ಹೋಗವ್ವ, ನನ್ನ ಮಕ್ಕಳಾಗ ಆಕಿನೇ ಶಾಣ್ಯಾಕಿ” ಎಂದೆ.

ಇನ್‌ಸ್ಪೆಕ್ಟರ್ ಸಾಹೇಬರು ಬಂಡಿಯಿಂದಿಳಿದು, ಗಾಳಿ ಬರಲೆಂದು ಬಾಗಿಲ ಪಕ್ಕದಲ್ಲೇ ಮೇಜು ಹಾಕಿಸಿಕೊಂಡು ಕೂತರು. ನನ್ನ ಇಯತ್ತೆಯ ಉಳಿದ ಮಕ್ಕಳೆಲ್ಲ ಆದ ಮೇಲೆ ಉರುಕುಂದಿಯ ಸರದಿ. ಅವಳ ಹತ್ತಿರ ಹಲಗೆ ಇರಲಿಲ್ಲ. ಮಾಸ್ತರರು ಒಂದು ಒಡಕು ಹಲಗೆಯನ್ನೂ ಬಳಪವನ್ನೂ ಹೊಸ್ತಿಲಾಚೆ ಇಟ್ಟು ಹಿಂದೆ ಸರಿದರು.

“ಗರಗಸ, ಬಾಳೆಕಾಯಿ” ಎಂದರು ಸಾಹೇಬರು.

ಅವಳು ತೊಡೆಯ ಮೇಲಿಟ್ಟುಕೊಂಡು ಬರೆದು, ಎರಡೂ ಕೈಯಲ್ಲಿ ಹಲಗೆಯನ್ನು ಎತ್ತಿ ಹಿಡಿದಳು. ಅಕ್ಷರಗಳೆಲ್ಲ ತಲೆಕೆಳಗಾಗಿ ನಿಂತಿದ್ದವು.

ಒಳಗಿನ ಮಕ್ಕಳು ನಕ್ಕರು. ಸಾಹೇಬರೂ ನಕ್ಕರು. ನನಗೆ ಮಾತ್ರ ವರ್ಷವಿಡೀ ಏನು ನಡೆದಿದೆ ಎಂಬುದು ಒಮ್ಮೆಗೇ ತಿಳಿಯಿತು. ಅವಳು ಕಲಿತಿದ್ದಳು, ನಾವು ಅವಳನ್ನು ಎಲ್ಲಿ ಕೂಡಿಸಿದ್ದೆವೋ ಅಲ್ಲಿಂದ ಕಂಡ ಹಾಗೆ ಕಲಿತಿದ್ದಳು.

“ಸಾಹೇಬ್ರ, ಹಲಗಿ ತಿರುಗಿಸಿ ನೋಡ್ರಿ. ಒಂದೂ ತಪ್ಪಿಲ್ಲ” ಎಂದೆ.

ಅವರು ಕೈಯನ್ನು ಮೇಜಿನಿಂದ ಎತ್ತಲಿಲ್ಲ. ಮಾಸ್ತರರು ತೊಲೆ ಎಣಿಸುತ್ತ ನಿಂತರು. ನಾನು ಹೊಸ್ತಿಲು ದಾಟಿ ಉರುಕುಂದಿಯ ಕೈಯಿಂದ ಹಲಗೆ ತೆಗೆದುಕೊಂಡು ತಿರುಗಿಸಿ ಅವರ ಮುಂದೆ ಹಿಡಿದೆ. ಒಳಗೆ ಯಾರೋ ಉಸಿರೆಳೆದುಕೊಂಡರು.

“ತಪ್ಪು ಆಕಿದಲ್ರಿ, ನಮ್ದು. ಹೊರಗ ಕೂಡಿಸಿದವ್ರು ನಾವು. ಪುಸ್ತಕಾನೂ ತಲಿಕೆಳಗ ಮಾಡಿ ಕೊಡ್ರಿ, ಓದ್ತಾಳ.”

“ಸಾಕು, ಸಾಕು. ಇದು ಪರೀಕ್ಷೆ, ದೊಂಬರಾಟ ಅಲ್ಲ. ನೀವು ಮೊದಲು ಕೈ ತೊಳಕೊಂಡು ಬನ್ನಿ, ಅಮ್ಮಾ.”

ನಾನು ಕೈ ತೊಳೆಯಲು ಹೋಗಲಿಲ್ಲ. ಅಲ್ಲೇ, ಉರುಕುಂದಿಯ ಪಕ್ಕದಲ್ಲೇ ನಿಂತೆ. ಸಾಹೇಬರು ಪಟ್ಟಿಯನ್ನು ಎಳೆದುಕೊಂಡು ಅವಳ ಹೆಸರಿನ ಮುಂದೆ ದಪ್ಪ ಅಕ್ಷರದಲ್ಲಿ ಬರೆಯತೊಡಗಿದರು. ಏನು ಬರೆಯುತ್ತಿದ್ದಾರೆಂದು ಬಾಯಿ ಬಿಟ್ಟು ಹೇಳಲಿಲ್ಲ. ಮೇಜಿನ ಆಚೆ ಅವರು, ಈಚೆ ನಾವು. ನಾನಿನ್ನೂ ಕತ್ತು ವಾಲಿಸಿ ಅಕ್ಷರ ಹಿಡಿಯುತ್ತಿದ್ದೆ. ಅಷ್ಟರಲ್ಲಿ ಹುಡುಗಿ ಪೆನ್ನಿನ ಹಿಂದೆಯೇ ಗಟ್ಟಿಯಾಗಿ, ಒಂದೊಂದೇ ಕೂಡಿಸಿಕೊಂಡು ಓದಿದಳು.

“ಓ... ದ... ಲು. ಬಾ... ರ... ದು.”

ಪೆನ್ನು ನಿಂತಿತು. ಒಳಗೆ ಒಬ್ಬರೂ ನಗಲಿಲ್ಲ.

ಉರುಕುಂದಿಗೆ ಮುಖದ ತುಂಬ ಹಿಗ್ಗು. “ಸರಿ ಐತೇನ್ರಿ ಅಕ್ಕೋರ?” ಎಂದು ನನ್ನನ್ನು ಕೇಳಿದಳು.

“ಸರಿ ಐತವ್ವ” ಎಂದೆ, ಸಾಹೇಬರ ಮುಖವನ್ನೇ ನೋಡುತ್ತ. “ಒಂದಕ್ಷರ ತಪ್ಪಿಲ್ಲ.”

ಸಾಹೇಬರು ಬರೆದದ್ದನ್ನು ಹೊಡೆದುಹಾಕಲಿಲ್ಲ. ಮಸಿ ಆರಲೆಂದು ಒಮ್ಮೆ ಊದಿ, ಎರಡನೇ ಇಯತ್ತೆಯ ಮೊದಲ ಹೆಸರನ್ನು ಕೂಗಿದರು.