ತಾಳಕ್ಕೆ ಕೂತ ಸ್ವರ

ಮೇಜಿನ ಕೆಳಗಿಂದ ತಮ್ಮನ ಗೊಣಗಾಟ ಮಾತ್ರ ಕೇಳುತ್ತಿತ್ತು. ಅಕ್ಕ ಸಂಗೀತದ ಕೀಬೋರ್ಡಿನ ಮನೆಗಳನ್ನು ಒತ್ತಿದ್ದೇ ಒತ್ತಿದ್ದು, ಕಂಪ್ಯೂಟರು ತುಟಿಪಿಟಕ್ಕೆನ್ನಲಿಲ್ಲ.

"ಸ್ಟುಡಿಯೋ ಅಂತ ಬೋರ್ಡು ಬೇರೆ ಕೇಡು," ಅಂದಳು.

"ಬಾಯಿ ಮುಚ್ಕೊಂಡು ಬಾರಿಸೆ." ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ಮಿಡಿ ತಂತಿಗಳು ಅದಲುಬದಲಾಗಿದ್ದವು; ತಮ್ಮ ಅವನ್ನು ಕಿತ್ತು ಸರಿಯಾಗಿ ಚುಚ್ಚಿದ. ಪರದೆಯ ಮೇಲೆ ಹಸಿರು ಗೆರೆ ಕುಣಿಯಿತು.

ಅಂದು ಅಲ್ಲಿ ಅಮ್ಮನ ಪದ್ಯವಾಚನದ ಧ್ವನಿಮುದ್ರಣ ನಡೆಯಬೇಕಿತ್ತು; ಅಮ್ಮ ಆಗಲೇ ಮೈಕಿನ ಮುಂದೆ ಕೂತಿದ್ದರು. ಅಮ್ಮ ಓದುವಾಗ ಜೊತೆಗೆ ಸ್ವರ ಹಿಡಿಯುವವಳು ಮೊದಲಿಂದಲೂ ಅಕ್ಕನೇ. ಅಮ್ಮ ಉಸಿರೆಳೆದುಕೊಳ್ಳುವಲ್ಲಿ ಅವಳ ಬೆರಳೂ ನಿಲ್ಲುತ್ತಿತ್ತು. ತಮ್ಮನ ಕಣ್ಣಿಗೆ ಅದು ತಾಳಗೇಡಿತನ. ಅವಳಿಗೋ, ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಆ ನಿಲುಗಡೆಯೊಂದೇ. ಅದು ಹಾಗೇ ಉಳಿಯಬೇಕಿತ್ತು.

ಅಮ್ಮ ಮೆಲ್ಲಗೆ ಓದಿದರು, ಅಕ್ಕ ಬಾರಿಸಿದಳು. ತಮ್ಮ ಸ್ವರವನ್ನಷ್ಟೇ ತಿರುಗಿ ಕೇಳಿಸಿದ. ಕವಾಯತಿಗೆ ಹೊರಟ ಸಿಪಾಯಿಗಳಂತೆ ಸ್ವರಗಳು ಹೆಜ್ಜೆ ಹಾಕಿದವು.

"ಇದು ನಾನು ಬಾರಿಸಿದ್ದಲ್ಲ."

"ನೀನೇ. ತಂತಿಯಲ್ಲಿ ಬರೋದು ನಾದ ಅಲ್ಲ ಕಣೆ. ಯಾವ ಕೀ, ಯಾವಾಗ, ಎಷ್ಟು ಜೋರು, ಅಷ್ಟೇ ಸುದ್ದಿ. ಬರ್ತಾ ಬರ್ತಾನೇ ಕಂಪ್ಯೂಟರು ಅದನ್ನ ತಾಳಕ್ಕೆ ಕೂರಿಸೋ ಹಾಗೆ ಇಟ್ಟಿದ್ದೆ."

"ನನ್ನ ಕೇಳದೆ?"

"ಕೇಳಿದ್ರೆ ಒಪ್ತಿದ್ಯಾ?"

"ತೆಗಿ ಅದನ್ನ. ಮತ್ತೆ ಬಾರಿಸ್ತೀನಿ."

"ಬೇಡ. ಕುಂಟ್ಕೊಂಡು ಬರೋ ಸ್ವರ ಇಲ್ಲಿಂದ ಹೊರಗೆ ಹೋದ್ರೆ ಮಾನ ಹೋಗೋದು ನಂದು."

ಅಕ್ಕ ಅಮ್ಮನ ಮುಖ ನೋಡಿದಳು. ಅಮ್ಮ ಕನ್ನಡಕ ಒರೆಸುತ್ತ ಕೂತಿದ್ದರು. "ಅವನಿಗೆ ಗೊತ್ತಿರುತ್ತೆ ಬಿಡೆ. ನಿಂದು ಯಾವಾಗ್ಲೂ ಹಟ."

ಕಪಾಳಕ್ಕೆ ಬಾರಿಸಿದಂತಾಯಿತು. ತಂತಿ ಕಿತ್ತು ಬಿಸಾಕಿ, ಕೀಬೋರ್ಡನ್ನು ಕಂಕುಳಿಗೆ ಸೇರಿಸಿದಳು. "ಹಾಗಾದ್ರೆ ನನ್ನ ಕೈ ಇಲ್ಲ."

ತಮ್ಮ ತಿರುಗಿಯೂ ನೋಡಲಿಲ್ಲ. "ಕೈ ತಗೊಂಡು ಹೋಗು. ಸ್ವರ ಇಲ್ಲಿದೆ."

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೆಟ್ಟಿಲ ಮೇಲೆ ನಿಂತವಳಿಗೆ, ತಾಳಕ್ಕೆ ಕೂರಿಸಿದ ಆ ಸ್ವರದ ಜೊತೆ ಮತ್ತೆ ಓದತೊಡಗಿದ ಅಮ್ಮನ ದನಿ ಕೇಳಿಸಿತು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರ ನಡುವೆ ಅಮ್ಮ ಉಸಿರಿಗೆ ನಿಂತರು, ಸ್ವರ ನಿಲ್ಲಲಿಲ್ಲ. ಅರ್ಧ ಪದ ನುಂಗಿ, ಹಿಂದೆ ಬಿದ್ದ ದನಿ ಏದುಸಿರು ಬಿಡುತ್ತ ಅದರ ಬೆನ್ನು ಹತ್ತಿತು.

"ಸ್ವಲ್ಪ ನಿಲ್ಸೋ, ಉಸಿರು ತಗೋತೀನಿ."

"ಅದು ನಿಲ್ಲಲ್ಲಮ್ಮ. ನೀನೇ ಬೇಗ ಬಾ."

ಈಗ ತನ್ನನ್ನು ಕೂಗಿಯಾರು ಎಂದು ಅಕ್ಕ ಕಾದಳು. ಕೂಗಿದ್ದರೆ ಹೋಗುತ್ತಿದ್ದಳೋ ಏನೋ. ಒಳಗೆ ಅಮ್ಮ ಗಂಟಲು ಸರಿಮಾಡಿಕೊಂಡು ಮೊದಲಿಂದ ಶುರುಮಾಡಿದರು, ಈ ಸಲ ಅವಸರವಸರವಾಗಿ.

ಅಕ್ಕ ಮೆಟ್ಟಿಲಿಳಿದಳು.